ಇಂಜಿನ್ ಸದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಜಿನ್ ಸದ್ದಿನ ಬಗ್ಗೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಸದ್ದು ಬರುತ್ತಿದೆ, ಏನು ಮಾಡಲಿ’ ಎಂಬಲ್ಲಿಗೇ ನಿಂತಿವೆ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರು ಹತ್ತುವಾಗಲೋ ಎಕ್ಸಲರೇಟರಿನಿಂದ ಕಾಲು ತೆಗೆದಾಗಲೋ ಎಂಬುದನ್ನೂ ಬರೆದವರು ಕೆಲವರೇ. ಅವರ ಪತ್ರಗಳನ್ನೇ ಮೊದಲು ಆರಿಸಿಕೊಂಡಿದ್ದೇನೆ. ಇಂಜಿನ್ ಪರೀಕ್ಷಾ ಕೊಠಡಿಯಲ್ಲಿ ದುಡಿದವಳಾಗಿ ನನ್ನ ಮಾತು ಇಷ್ಟು: ಸದ್ದು ಎಷ್ಟು ದೊಡ್ಡದು ಎಂಬುದು ಎರಡನೆಯ ಪ್ರಶ್ನೆ. ಅದು ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಎಂಬುದು ಮೊದಲನೆಯದು.

ಪ್ರಶ್ನೆ: ಮೇಡಂ, ನಮ್ಮದು ಹನ್ನೊಂದು ವರ್ಷ ಹಳೆಯ ಡೀಸೆಲ್ ಕಾರು. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಜೋರಾಗಿ ಕಟಕಟ ಎನ್ನುತ್ತದೆ. ಮೂರ್ನಾಲ್ಕು ಕಿಲೋಮೀಟರ್ ಓಡಿದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ. ಗ್ಯಾರೇಜಿನವರು ಇಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?
— ಓದುಗರು, ಸಕಲೇಶಪುರ

ಉತ್ತರ: ಈಗಲೇ ಬಿಚ್ಚಿಸಬೇಡಿ. ಬಿಸಿಯಾದಂತೆ ಇಳಿಯುವ ಸದ್ದಿಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವು ಇಂಜಿನ್ ಬಿಚ್ಚುವಂಥವಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಯೊಳಗೆ ಇಂಧನ ಸಿಂಪಡಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಸಿಂಪಡಿಸಿದ ಕ್ಷಣಕ್ಕೇ ಹೊತ್ತಿಕೊಳ್ಳುವುದಿಲ್ಲ, ನಡುವೆ ಒಂದು ಸಣ್ಣ ವಿಳಂಬವಿದೆ. ಇಂಜಿನ್ ತಣ್ಣಗಿದ್ದಾಗ ಸಿಲಿಂಡರಿನ ಗೋಡೆ ಶಾಖವನ್ನು ಹೀರಿಕೊಳ್ಳುವುದರಿಂದ ಒತ್ತಿದ ಗಾಳಿ ಸಾಕಷ್ಟು ಬಿಸಿಯಾಗುವುದಿಲ್ಲ, ಆ ವಿಳಂಬ ಉದ್ದವಾಗುತ್ತದೆ. ಅಷ್ಟರಲ್ಲಿ ಒಳಗೆ ಸೇರಿದ ಇಂಧನವೆಲ್ಲ ಒಮ್ಮೆಲೇ ಹೊತ್ತಿಕೊಂಡು ಒತ್ತಡ ಕಡಿದಾಗಿ ಏರುತ್ತದೆ. ಕಿವಿಗೆ ಕೇಳುವ ‘ಕಟ್’ ಅದೇ. ಇದಕ್ಕೆ ಕಾರಣ ಒತ್ತಡ ಎಷ್ಟು ಎತ್ತರಕ್ಕೆ ಏರಿತು ಎಂಬುದಕ್ಕಿಂತ ಎಷ್ಟು ಬೇಗ ಏರಿತು ಎಂಬುದು.

ಇದನ್ನು ಪಳಗಿಸಿದ್ದು ಕಾಮನ್ ರೈಲ್ ವ್ಯವಸ್ಥೆ, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಇಂಧನ ಒದಗಿಸುವ ಏರ್ಪಾಡು. ಕಾರುಗಳಲ್ಲಿ ಅದು ಮೊದಲು ಬಂದದ್ದು 1997ರಲ್ಲಿ, ಇಟಲಿಯ ಆಲ್ಫಾ ರೋಮಿಯೊ 156ರಲ್ಲಿ. ಮುಖ್ಯ ಸಿಂಪಡಣೆಗೆ ತುಸು ಮೊದಲು ಒಂದೆರಡು ಘನ ಮಿಲಿಮೀಟರಿನಷ್ಟು ಇಂಧನವನ್ನು ಬಿಡುತ್ತಾರೆ. ಅದು ಹೊತ್ತಿ ಒಳಗಿನ ಗಾಳಿಯನ್ನು ಕಾಯಿಸಿಟ್ಟಿರುತ್ತದೆ, ಮುಖ್ಯ ಇಂಧನ ಬಂದಾಗ ಕಾಯದೆ ಉರಿಯುತ್ತದೆ. ಈ ಸಣ್ಣ ಹನಿಯ ಅಳತೆ ತಪ್ಪಿದರೆ ಹೊಸ ಕಾರೂ ಕಟಕಟ ಎನ್ನುತ್ತದೆ. ನಿಮ್ಮ ಕಾರಿನ ಇಂಜೆಕ್ಟರುಗಳಿಗೆ ಹನ್ನೊಂದು ವರ್ಷವಾಗಿದೆ. ಸ್ಕ್ಯಾನರ್ ಜೋಡಿಸಿ ಪ್ರತಿ ಇಂಜೆಕ್ಟರಿನ ತಿದ್ದುಪಡಿ ಅಂಕಿಗಳನ್ನು (ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಲಾಗುತ್ತಿದೆ ಎಂಬುದನ್ನು) ನೋಡಲು ಹೇಳಿ. ಒಂದು ಉಳಿದವುಗಳಿಂದ ತುಂಬಾ ದೂರವಿದ್ದರೆ ಅದನ್ನು ಪರೀಕ್ಷೆಗೆ ಕಳುಹಿಸಿದರೆ ಸಾಕು. ತಣ್ಣನೆಯ ಇಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನೊಳಗೆ ಕಾಯಿಸುವ ಗ್ಲೋ ಪ್ಲಗ್ಗುಗಳನ್ನೂ ಅದೇ ದಿನ ನೋಡಿಸಿ.

ತಣ್ಣನೆಯ ಸದ್ದಿಗೆ ಇನ್ನೂ ಮೂರು ಮೂಲಗಳಿವೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗುತ್ತದೆ. ತಣ್ಣಗಿರುವಾಗ ನಡುವಿನ ಸಂದು ದೊಡ್ಡದಾಗಿದ್ದು ಪಿಸ್ಟನ್ ಗೋಡೆಯಿಂದ ಗೋಡೆಗೆ ವಾಲಿ ಬಡಿಯುತ್ತದೆ. ಈ ಬಡಿತ ಮೆತ್ತಗಾಗಲೆಂದೇ ಪಿಸ್ಟನ್ ಪಿನ್ನನ್ನು ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಕೂರಿಸುವ ರೂಢಿಯಿದೆ. ಎರಡನೆಯದು ಸಿಲಿಂಡರುಗಳ ಹೊಗೆ ಒಯ್ಯುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆ. ಇದು ‘ಚಿಟ್ ಚಿಟ್’ ಎಂದು ಕೇಳುತ್ತದೆ, ಎಕ್ಸಲರೇಟರ್ ಒತ್ತಿದರೆ ಹೆಚ್ಚುತ್ತದೆ, ಲೋಹ ಕಾದು ಹಿಗ್ಗಿ ಸಂದು ಮುಚ್ಚಿದಾಗ ನಿಲ್ಲುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಅದೇ. ಮೂರನೆಯದು ವಾಲ್ವುಗಳನ್ನು ಸರಿಯಾದ ಸಮಯಕ್ಕೆ ನಡೆಸುವ ಟೈಮಿಂಗ್ ಚೈನು. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಷನರಿನ ಆಯಿಲ್ ಇಳಿದಿರುತ್ತದೆ, ಒಂದೆರಡು ಸೆಕೆಂಡು ಗರಗರ ಎಂದು ನಿಲ್ಲುತ್ತದೆ. ಹತ್ತಾರು ಸೆಕೆಂಡು ಮುಂದುವರಿದರೆ ಮಾತ್ರ ಮುಂಭಾಗದ ಕವರ್ ತೆಗೆಸಿ ಚೈನ್ ನೋಡಿಸಿ, ಅದನ್ನು ತಡ ಮಾಡಬೇಡಿ. ನಿಮ್ಮ ಸದ್ದು ಕಿಲೋಮೀಟರ್ ಲೆಕ್ಕದಲ್ಲಿ ನಿಧಾನವಾಗಿ ಇಳಿಯುವುದರಿಂದ ಚೈನ್ ಇರಲಾರದು ಎಂದು ನನ್ನ ಅಂದಾಜು.

ಪ್ರಶ್ನೆ: ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಅಪ್ಪನ ಕಾರಿನ ಬಾನೆಟ್ ತೆರೆದು, ಇಂಜಿನ್ನನ್ನು ನಿಮಿಷಕ್ಕೆ 3000 ಸುತ್ತಿನಲ್ಲಿಟ್ಟು, ಒಂದು ಮೀಟರ್ ದೂರದಲ್ಲಿ ಮೊಬೈಲ್ ಆ್ಯಪ್‌ನಿಂದ ಅಳೆದೆ. 92 ಡೆಸಿಬೆಲ್ ಬಂತು. ಕಾರುಗಳಿಗೆ ಮಿತಿ 74 ಡೆಸಿಬೆಲ್ ಎಂದು ಪುಸ್ತಕದಲ್ಲಿದೆ. ಹಾಗಾದರೆ ಈ ಕಾರು ನಿಯಮ ಮೀರಿದೆಯೇ? ಪ್ರಯೋಗಾಲಯದಲ್ಲಿ ನಿಜವಾಗಿ ಹೇಗೆ ಅಳೆಯುತ್ತಾರೆ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಳತೆ ಮಾಡಿ, ದೂರ ಮತ್ತು ವೇಗ ಎರಡನ್ನೂ ಬರೆದು ಕಳುಹಿಸಿದ್ದೀರಿ. ಅದಕ್ಕೆ ಮೊದಲು ಮೆಚ್ಚುಗೆ. ದೂರ ಬರೆಯದ ಡೆಸಿಬೆಲ್‌ಗೆ ಅರ್ಥವೇ ಇಲ್ಲ.

74 ಎಂಬುದು ನಮ್ಮ ದೇಶದಲ್ಲಿ ಪ್ರಯಾಣಿಕ ಕಾರುಗಳಿಗೆ 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಮಿತಿ. ಅದನ್ನು ಅಳೆಯುವುದು ಬಾನೆಟ್ ತೆರೆದಲ್ಲ. ವಿಶಾಲ ಬಯಲಿನ ಟ್ರ್ಯಾಕಿನಲ್ಲಿ ಕಾರು ಬರುತ್ತದೆ. ನಿಗದಿಯಾದ ಗೆರೆ ಮುಟ್ಟಿದೊಡನೆ ಚಾಲಕ ಎಕ್ಸಲರೇಟರನ್ನು ಪೂರ್ತಿ ಒತ್ತುತ್ತಾನೆ, 20 ಮೀಟರ್ ದಾಟುವವರೆಗೆ ಬಿಡುವುದಿಲ್ಲ. ಕಾರು ಸಾಗುವ ನಡುಗೆರೆಯಿಂದ 7.5 ಮೀಟರ್ ದೂರದಲ್ಲಿ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಎರಡೂ ಬದಿಗೆ ಮೈಕ್ರೊಫೋನ್‌ಗಳಿರುತ್ತವೆ. ದಾಟುವಾಗಿನ ಗರಿಷ್ಠ ಮಟ್ಟವೇ ಲೆಕ್ಕಕ್ಕೆ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಹೋದರೆ ಒಟ್ಟು 18 ಇಳಿಕೆ. ನಿಮ್ಮ 92ರಿಂದ 18 ಕಳೆಯಿರಿ, 74 ಬಂತು. ಇದು ಬರೀ ಕಾಕತಾಳೀಯ. ನಿಮ್ಮ ಕಾರು ನಿಂತಿತ್ತು, ಇಂಜಿನ್ ಮೇಲೆ ಹೊರೆ ಇರಲಿಲ್ಲ, ಬಾನೆಟ್ ತೆರೆದಿತ್ತು. ಆದರೆ ಎರಡು ಅಂಕಿಗಳ ನಡುವೆ ವಿರೋಧವಿಲ್ಲ ಎಂಬುದಂತೂ ಗೊತ್ತಾಯಿತು.

ಮೊಬೈಲ್ ಆ್ಯಪ್ ಬಗ್ಗೆ ಒಂದು ಮಾತು. ಅದರ ಮೈಕ್ರೊಫೋನ್ ನಮ್ಮ ಮಾತಿಗಾಗಿ ಮಾಡಿದ್ದು. ತಗ್ಗು ಆವರ್ತನಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ, ಜೋರು ಸದ್ದಿಗೆ ತಾನೇ ಮಟ್ಟ ತಗ್ಗಿಸಿಕೊಳ್ಳುವ ಮೊಬೈಲ್‌ಗಳೂ ಇವೆ. ಪ್ರಯೋಗಾಲಯದಲ್ಲಿ ಪ್ರತಿ ಅಳತೆಗೆ ಮೊದಲು ಮತ್ತು ನಂತರ ಮೈಕ್ರೊಫೋನಿನ ತುದಿಗೆ ಒಂದು ಸಣ್ಣ ಕ್ಯಾಲಿಬ್ರೇಟರ್ ತೊಡಿಸುತ್ತೇವೆ. ಅದು 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್, ಅಂದರೆ ಒಂದು ಪಾಸ್ಕಲ್ ಒತ್ತಡ ಕೊಡುತ್ತದೆ. ಮೀಟರ್ 94 ತೋರಿಸದಿದ್ದರೆ ಆ ದಿನದ ಅಳತೆ ಕಸದ ಬುಟ್ಟಿಗೆ. ನಿಮ್ಮ ಆ್ಯಪ್ ಹೋಲಿಕೆಗೆ ಸಾಕು: ಇದೇ ಕಾರು, ಇದೇ ಜಾಗ, ಇದೇ ಮೊಬೈಲ್, ಇಂದು ಮತ್ತು ಸರ್ವಿಸ್ ಆದ ಮೇಲೆ. ಇನ್ನೊಬ್ಬರ ಅಂಕಿಯ ಜೊತೆ ಹೋಲಿಸಲು ಅದನ್ನು ಬಳಸಬೇಡಿ. ಇಂಜಿನ್ ನಿಲ್ಲಿಸಿ ಹಿನ್ನೆಲೆ ಸದ್ದನ್ನೂ ಅಳೆಯಿರಿ. ಅದು ಕನಿಷ್ಠ 10 ಡೆಸಿಬೆಲ್ ಕೆಳಗಿರಬೇಕು. ಹಾಗಿದ್ದರೆ ಅದರಿಂದಾಗುವ ತಪ್ಪು ಅರ್ಧ ಡೆಸಿಬೆಲ್ ಒಳಗೆ ಉಳಿಯುತ್ತದೆ.

ಇನ್ನು ಬರೀ ಇಂಜಿನ್ನಿನ ಸದ್ದು ಅಳೆಯುವ ಕೊಠಡಿ. ಗೋಡೆ ಮತ್ತು ಚಾವಣಿಯ ತುಂಬ ಶಬ್ದ ಹೀರುವ ಚೂಪು ಬೆಣೆಗಳಿರುತ್ತವೆ, ನೆಲ ಮಾತ್ರ ಗಟ್ಟಿ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್. ಅದನ್ನು ಹೀರಲು ಬೆಣೆಗೆ ಅದರ ಕಾಲು ಭಾಗದಷ್ಟು, ಅಂದರೆ 85 ಸೆಂಟಿಮೀಟರಿನಷ್ಟು ಆಳ ಬೇಕು. ಇಂಜಿನ್ನಿಗೆ ಹೊರೆ ಕೊಡುವ ಡೈನಮೋಮೀಟರ್ ಗೋಡೆಯ ಆಚೆ ಇರುತ್ತದೆ, ಶಾಫ್ಟ್ ಮಾತ್ರ ಗೋಡೆ ತೂರಿ ಒಳಗೆ ಬರುತ್ತದೆ. ಗಾಳಿ ಎಳೆಯುವ ಮತ್ತು ಹೊಗೆ ಬಿಡುವ ಕೊಳವೆಗಳನ್ನು ಕೊಠಡಿಯ ಹೊರಗೆ ಒಯ್ಯುತ್ತೇವೆ. ಆಗ ಒಳಗೆ ಉಳಿಯುವುದು ಇಂಜಿನ್ನಿನ ಮೈ ಹೊಮ್ಮಿಸುವ ಸದ್ದು ಮಾತ್ರ. ಎಡ, ಬಲ, ಮುಂದೆ, ಮೇಲೆ ತಲಾ ಒಂದು ಮೀಟರ್ ದೂರಕ್ಕೆ ಮೈಕ್ರೊಫೋನ್ ನಿಲ್ಲಿಸುತ್ತೇವೆ.

ಬರೀ ಮಟ್ಟ ಗೊತ್ತಾದರೆ ಏನೂ ಗೊತ್ತಾದಂತಲ್ಲ. ಸದ್ದನ್ನು ಆವರ್ತನಗಳಾಗಿ ಬಿಡಿಸಬೇಕು. ನಾಲ್ಕು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಇಂಜಿನ್ 3000 ಸುತ್ತಿನಲ್ಲಿ ಸೆಕೆಂಡಿಗೆ 50 ಸಲ ತಿರುಗುತ್ತದೆ, ಪ್ರತಿ ಸುತ್ತಿಗೆ ಎರಡು ಸ್ಫೋಟ. ಹಾಗಾಗಿ 100 ಹರ್ಟ್ಸ್‌ನಲ್ಲಿ ನಕ್ಷೆಯಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. ವೇಗ ಬದಲಿಸಿದಂತೆ ಈ ಗೆರೆ ಜಾಗ ಬದಲಿಸುತ್ತದೆ. ವೇಗ ಎಷ್ಟೇ ಬದಲಾದರೂ ಜಾಗ ಬಿಡದ ಗೆರೆಗಳೂ ಇರುತ್ತವೆ. ಅವು ಯಾವುದೋ ತಗಡಿನ, ಕವರಿನ, ಬ್ರಾಕೆಟ್ಟಿನ ಸ್ವಂತ ಅನುರಣನ, ಅಂದರೆ ಅದು ತನ್ನದೇ ಆವರ್ತನದಲ್ಲಿ ಜೋರಾಗಿ ಕಂಪಿಸುವುದು. ಓಡುವ ಗೆರೆಗೆ ಮದ್ದು ಬೇರೆ, ನಿಂತ ಗೆರೆಗೆ ಮದ್ದು ಬೇರೆ. ಪೆಟ್ರೋಲ್ ಇಂಜಿನ್ ತಪ್ಪಾದ ಸಮಯದಲ್ಲಿ ತಾನೇ ಹೊತ್ತಿಕೊಂಡು ನಾಕಿಂಗ್ ಮಾಡುವಾಗಲೂ ಹೀಗೆಯೇ. 80 ಮಿಲಿಮೀಟರ್ ಅಗಲದ ಸಿಲಿಂಡರಿನೊಳಗಿನ ಬಿಸಿ ಅನಿಲ ಸುಮಾರು 7000 ಹರ್ಟ್ಸ್‌ನಲ್ಲಿ ಮೊಳಗುತ್ತದೆ. ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಕಿವಿಗೊಡುವುದು ಈ ಆವರ್ತನಕ್ಕೇ.

ದಹನದ ಸದ್ದು ಎಷ್ಟು, ಯಂತ್ರಭಾಗಗಳ ಬಡಿತದ ಸದ್ದು ಎಷ್ಟು ಎಂದು ಬೇರ್ಪಡಿಸುವುದು ಈ ವಿದ್ಯೆಯ ಕಷ್ಟದ ಭಾಗ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಆಸ್ಟೆನ್ ಮತ್ತು ಪ್ರೀಡೆ ಎಂಬ ಇಬ್ಬರು ಸಿಲಿಂಡರಿನ ಒತ್ತಡವನ್ನು ಆವರ್ತನಗಳಾಗಿ ಬಿಡಿಸಿ, ಹೊರಗೆ ಕೇಳುವ ಡೀಸೆಲ್ ಸದ್ದಿಗೂ ಅದಕ್ಕೂ ಇರುವ ನಂಟನ್ನು ತೋರಿಸಿದರು. ಮುಂದೆ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಆರಂಭವಾದ ಶಬ್ದ ಮತ್ತು ಕಂಪನ ಸಂಶೋಧನಾ ಸಂಸ್ಥೆಯಲ್ಲಿ ಈ ಕೆಲಸ ಬೆಳೆಯಿತು. ಇಂಜಿನ್ ವೇಗ ಎರಡರಷ್ಟಾದರೆ ನೇರ ಸಿಂಪಡಣೆಯ ಡೀಸೆಲ್ಲಿನ ಸದ್ದು ಸುಮಾರು 9 ಡೆಸಿಬೆಲ್, ಪೆಟ್ರೋಲಿನದು ಸುಮಾರು 15 ಡೆಸಿಬೆಲ್ ಏರುತ್ತದೆ ಎಂಬ ಹೆಬ್ಬೆರಳಿನ ಲೆಕ್ಕ ಆ ಕಾಲದ್ದು. ಪೆಟ್ರೋಲ್ ಕಾರು ನಿಂತಾಗ ಸೌಮ್ಯವಾಗಿದ್ದು ಓಟದಲ್ಲಿ ಅಬ್ಬರಿಸುವುದಕ್ಕೆ ಇದೇ ಕಾರಣ.

ಒಂದು ಸರಳ ವಿಧಾನವೂ ಇದೆ. ಇಂಧನ ನಿಲ್ಲಿಸಿ ಇಂಜಿನ್ನನ್ನು ವಿದ್ಯುತ್ ಮೋಟರಿನಿಂದ ತಿರುಗಿಸಿ ಅಳೆದರೆ ಯಂತ್ರಭಾಗಗಳ ಸದ್ದು ಸಿಗುತ್ತದೆ ಎನ್ನುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಪಿಸ್ಟನ್ ಗೋಡೆಗೆ ಬಡಿಯುವುದೇ ದಹನದ ಒತ್ತಡದಿಂದ. ದಹನವಿಲ್ಲದಾಗ ಆ ಬಡಿತವೂ ಅದೇ ಬಡಿತವಲ್ಲ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಈ ಮಾತನ್ನು ತಪ್ಪದೆ ಬರೆಯಿರಿ.

ಪ್ರಶ್ನೆ: ಮಗ 350 ಸಿಸಿ ಬೈಕಿನ ಸೈಲೆನ್ಸರ್ ಬದಲಿಸಿದ್ದಾನೆ. ಕೇಳಿದರೆ ‘ಸದ್ದು ಹೆಚ್ಚಿದರೆ ಪಿಕಪ್ ಹೆಚ್ಚು’ ಎನ್ನುತ್ತಾನೆ. ಪಕ್ಕದ ಮನೆಯಲ್ಲಿ ಎಳೆ ಮಗುವಿದೆ. ನನಗೆ ತಲೆ ಎತ್ತಿ ನಡೆಯಲಾಗುತ್ತಿಲ್ಲ.
— ತಾಯಿ, ಮಂಡ್ಯ

ಉತ್ತರ: ಅಮ್ಮಾ, ಈ ಉತ್ತರವನ್ನು ಮಗನಿಗೇ ಓದಲು ಕೊಡಿ.

ಪಿಕಪ್ ಹೆಚ್ಚುತ್ತದೆ ಎಂಬುದು ಕಿವಿಯ ಭ್ರಮೆ. ಸೈಲೆನ್ಸರ್ ಒಳಗೆ ಕೋಣೆಗಳಿವೆ, ತೂತಿನ ಕೊಳವೆಗಳಿವೆ, ಕೆಲವುಗಳಲ್ಲಿ ಗಾಜಿನ ನಾರೂ ಇದೆ. ಕೋಣೆಗಳು ಅಲೆಯನ್ನು ಹಿಂದಕ್ಕೆ ಹೊಡೆದು ಅಲೆಯಿಂದಲೇ ಅಲೆಯನ್ನು ಅಳಿಸುತ್ತವೆ, ನಾರು ಹೀರುತ್ತದೆ. ಇಂಜಿನ್, ಗಾಳಿ-ಪೆಟ್ರೋಲಿನ ಮಿಶ್ರಣ, ಕೊಳವೆಯ ಉದ್ದ ಎಲ್ಲವನ್ನೂ ಒಟ್ಟಿಗೆ ಹೊಂದಿಸಿಯೇ ಕಾರ್ಖಾನೆಯವರು ಅದನ್ನು ಮಾಡಿರುತ್ತಾರೆ. ಎರಡು ಸ್ಟ್ರೋಕ್ ಬೈಕುಗಳಲ್ಲಿ ಇದು ಇನ್ನೂ ಮುಖ್ಯ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿಗೆ ನನ್ನ ಒಂದು ಬೇಡಿಕೆಯಿದೆ: ಒಳಗಿನ ಕೊಳವೆ ಕಿತ್ತೆಸೆಯಬೇಡಿ. ಎರಡು ಸ್ಟ್ರೋಕಿನಲ್ಲಿ ಹೊಗೆಕೊಳವೆಯಿಂದ ಹಿಂದಿರುಗುವ ಒತ್ತಡದ ಅಲೆಗೂ ಕೆಲಸವಿದೆ, ಹೊರಗೆ ಜಾರುವ ಹೊಸ ಮಿಶ್ರಣವನ್ನು ಅದು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಆ ವಿನ್ಯಾಸ ಕೆಡಿಸಿದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ.

ಕಾನೂನಿನ ಮಾತು. 175 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಕ್ಕೆ 2005ರ ಮಿತಿ 80 ಡೆಸಿಬೆಲ್, ಅದೂ 7.5 ಮೀಟರ್ ದೂರದಲ್ಲಿ. ನಿಂತ ವಾಹನವನ್ನು ಪರೀಕ್ಷಿಸುವುದಾದರೆ ಹೊಗೆ ಹೊರಬರುವ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ರೊಫೋನ್ ಹಿಡಿಯುತ್ತಾರೆ. ಶಬ್ದದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಇದೆ.

ಮಗ ಮೀಟರಿನ ಅಂಕಿ ತೋರಿಸಿ ‘ನೋಡು, ಮಿತಿಯೊಳಗಿದೆ’ ಎಂದರೂ ಒಪ್ಪಬೇಡಿ. ಕಾನೂನಿನ ಡೆಸಿಬೆಲ್ ಕಿವಿಯ ಸ್ವಭಾವಕ್ಕೆ ಹೊಂದಿಸಿದ ‘ಎ’ ತೂಕದ್ದು. ಅದು 100 ಹರ್ಟ್ಸ್ ಸದ್ದಿನಿಂದ 19 ಡೆಸಿಬೆಲ್, 50 ಹರ್ಟ್ಸ್ ಸದ್ದಿನಿಂದ 30 ಡೆಸಿಬೆಲ್ ಕಳೆದುಬಿಡುತ್ತದೆ. ಒಂಟಿ ಸಿಲಿಂಡರಿನ ದೊಡ್ಡ ಬೈಕಿನ ಗುಡುಗಿನ ಬಹುಪಾಲು ಇರುವುದೇ ಆ ತಗ್ಗಿನಲ್ಲಿ. ಕಿಟಕಿಯ ಗಾಜು ಅದುರುತ್ತದೆ, ತೊಟ್ಟಿಲಿನ ಮಗು ಬೆಚ್ಚುತ್ತದೆ, ಮೀಟರ್ ಮಾತ್ರ ಸುಮ್ಮನಿರುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಮ್ಮ ನಿಯಮ ನಿರೀಕ್ಷಿಸುವ ಮಟ್ಟ 45 ಡೆಸಿಬೆಲ್. ಹಳೆಯ ಸೈಲೆನ್ಸರ್ ಇನ್ನೂ ಮನೆಯಲ್ಲಿದ್ದರೆ ಈ ಭಾನುವಾರವೇ ಹಾಕಿಸಲಿ.

ಪ್ರಶ್ನೆ: ನಮ್ಮ ಮೂರು ಸಿಲಿಂಡರಿನ ಪೆಟ್ರೋಲ್ ಕಾರು ಸಿಗ್ನಲ್‌ನಲ್ಲಿ ನಿಂತಾಗ ಗುಂಯ್ ಎನ್ನುತ್ತದೆ, ಸ್ಟೀರಿಂಗ್ ಅದುರುತ್ತದೆ. ಹಣ ಕೊಟ್ಟು ಬಾನೆಟ್ಟಿಗೂ ಬಾಗಿಲುಗಳಿಗೂ ಅದುರು ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿದೆ. ಏನೂ ವ್ಯತ್ಯಾಸವಿಲ್ಲ. ಮೋಸ ಹೋದೆನೇ?
— ಓದುಗರು, ಕಲಬುರಗಿ

ಉತ್ತರ: ಶೀಟ್ ಕೆಟ್ಟದ್ದಲ್ಲ, ಅಂಟಿಸಿದ ಜಾಗ ಸದ್ದಿನ ದಾರಿಯಲ್ಲಿಲ್ಲ. 800 ಸುತ್ತಿನಲ್ಲಿ ನಿಮ್ಮ ಇಂಜಿನ್ ಸೆಕೆಂಡಿಗೆ 20 ಸಲ ಸ್ಫೋಟಿಸುತ್ತದೆ. ಮೂರು ಸಿಲಿಂಡರಿನ ಇಂಜಿನ್ನಿಗೆ ಮುಂದಿನಿಂದ ಹಿಂದಕ್ಕೆ ತೊನೆಯುವ ಗುಣವೂ ಇದೆ. ಈ ಅದುರು ಗಾಳಿಯಲ್ಲಿ ಬರುವುದಿಲ್ಲ, ಇಂಜಿನ್ ಮೌಂಟಿನ ರಬ್ಬರಿನ ಮೂಲಕ ಬಾಡಿಗೆ ಇಳಿದು ಸ್ಟೀರಿಂಗಿಗೆ ಏರುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲರೇಟರನ್ನು ಕೂದಲೆಳೆಯಷ್ಟು ಒತ್ತಿ ನೋಡಿ. ನೂರಿನ್ನೂರು ಸುತ್ತು ಏರಿದೊಡನೆ ಗುಂಯ್ ಮಾಯವಾದರೆ ಅದು ಅನುರಣನ. ಮೌಂಟ್ ಬಿರುಕು ಬಿಟ್ಟಿದೆಯೇ, ಹೊಗೆಕೊಳವೆಯನ್ನು ತೂಗುವ ರಬ್ಬರ್ ಹರಿದಿದೆಯೇ, ಐಡಲಿಂಗ್ ವೇಗ ತಗ್ಗಿದೆಯೇ ನೋಡಿಸಿ.

ಡೆಸಿಬೆಲ್‌ನ ಲೆಕ್ಕ ನಮ್ಮ ಕೂಡು-ಕಳೆಯುವ ಲೆಕ್ಕವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 90 ಮತ್ತು 90 ಸೇರಿದರೆ 93. ಒಂದು ಇಂಜಿನ್ನಿನಲ್ಲಿ ಒಂದು ಮೂಲ 90, ಉಳಿದ ನಾಲ್ಕು ತಲಾ 80 ಡೆಸಿಬೆಲ್ ಕೊಡುತ್ತಿವೆ ಎಂದುಕೊಳ್ಳಿ. ಒಟ್ಟು ಸುಮಾರು 91.5. ಆ ನಾಲ್ಕನ್ನೂ ಪೂರ್ತಿ ನಿಶ್ಶಬ್ದ ಮಾಡಿದರೆ ಉಳಿಯುವುದು 90, ಅಂದರೆ ಕಿವಿಗೆ ಗೊತ್ತೇ ಆಗದ ಇಳಿಕೆ. ನಾಲ್ಕನ್ನು ಮುಟ್ಟದೆ ದೊಡ್ಡದೊಂದನ್ನು 80ಕ್ಕೆ ಇಳಿಸಿದರೆ ಒಟ್ಟು 87. ಹಾಗಾಗಿ ದೊಡ್ಡದನ್ನು ಹುಡುಕದೆ ಖರ್ಚು ಮಾಡುವುದು ವ್ಯರ್ಥ.

ಹುಡುಕುವುದು ಹೇಗೆ? ನಾವು ಇಡೀ ಇಂಜಿನ್ನಿಗೆ ಗಾಜಿನ ನಾರು ಸುತ್ತಿ, ಅದರ ಮೇಲೆ ಸೀಸದ ತಗಡು ಹೊದಿಸುತ್ತಿದ್ದೆವು. ಆಮೇಲೆ ಒಂದೊಂದೇ ಕಿಟಕಿ ತೆರೆದು ಅಳತೆ: ಇಂದು ವಾಲ್ವ್ ಕವರ್ ಮಾತ್ರ, ನಾಳೆ ಮುಂಭಾಗದ ಕವರ್ ಮಾತ್ರ, ನಾಡಿದ್ದು ಕೆಳಗಿನ ಆಯಿಲ್ ತೊಟ್ಟಿ. ಕೈ ಮೈಯೆಲ್ಲ ನಾರು ಚುಚ್ಚಿ ತುರಿಸುತ್ತಿತ್ತು. ಆದರೂ ಆ ಕೆಲಸದಷ್ಟು ಸತ್ಯ ಹೇಳುವುದು ಇನ್ನೊಂದಿಲ್ಲ. ಆಯಿಲ್ ತೊಟ್ಟಿಯಲ್ಲಿ ಏನೂ ಬಡಿಯುವುದಿಲ್ಲ, ಏನೂ ಉರಿಯುವುದಿಲ್ಲ. ಆದರೂ ದೊಡ್ಡ ಪಾಲಿನ ಸದ್ದು ಹಲವು ಸಲ ಅಲ್ಲಿಂದಲೇ ಬರುತ್ತದೆ. ಬಡಿತ ಮೇಲೆಲ್ಲೋ ಹುಟ್ಟಿ ಬ್ಲಾಕಿನ ಗೋಡೆಯಲ್ಲಿ ಇಳಿದು ಬಂದು, ತಮಟೆಯ ಚರ್ಮದ ಹಾಗೆ ತೆಳ್ಳಗೆ ಅಗಲವಾಗಿರುವ ಆ ತಗಡಿನಿಂದ ಗಾಳಿಗೆ ಬಿಡುಗಡೆಯಾಗುತ್ತದೆ. ಎರಡು ತಗಡಿನ ನಡುವೆ ಅಂಟಾದ ಪದರವಿಟ್ಟು ಮಾಡಿದ ತೊಟ್ಟಿಗಳು ಬಂದದ್ದು ಇದಕ್ಕಾಗಿಯೇ. 1970ರ ದಶಕದಿಂದೀಚೆಗೆ ಎರಡು ಮೈಕ್ರೊಫೋನ್‌ಗಳನ್ನು ಹತ್ತಿರ ಜೋಡಿಸಿ ಸದ್ದು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ಅಳೆಯುವ ವಿಧಾನ ಬೆಳೆಯಿತು. ಈಗ ಹತ್ತಾರು ಮೈಕ್ರೊಫೋನ್‌ಗಳ ‘ಶಬ್ದ ಕ್ಯಾಮೆರಾ’ ಪರದೆಯ ಮೇಲೆ ಸದ್ದಿನ ತಾಣವನ್ನು ಬಣ್ಣದಲ್ಲಿ ತೋರಿಸುತ್ತದೆ. ಸೀಸ ಸುತ್ತುವ ಕಷ್ಟ ತಪ್ಪಿದ್ದು ಒಳ್ಳೆಯದೇ ಆಯಿತು.

ಪ್ರಶ್ನೆ: ಗದ್ದೆಯಲ್ಲಿ ದಿನವಿಡೀ ಪವರ್ ಟಿಲ್ಲರ್ ಹೊಡೆಯುತ್ತೇನೆ. ಸಂಜೆ ಮನೆಗೆ ಬಂದರೆ ಕಿವಿಯಲ್ಲಿ ಕುಂಯ್ ಎನ್ನುತ್ತಿರುತ್ತದೆ. ಬೆಳಿಗ್ಗೆಗೆ ಸರಿಹೋಗುತ್ತದೆ. ತೊಂದರೆಯೇನಾದರೂ ಇದೆಯೇ?
— ಕೃಷಿಕರು, ತೀರ್ಥಹಳ್ಳಿ

ಉತ್ತರ: ಇದೆ. ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ನಿಮ್ಮದೇ. ಬೆಳಿಗ್ಗೆ ಸರಿಹೋಗುತ್ತದೆ ಎಂಬುದು ಸಮಾಧಾನದ ಮಾತಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ದಣಿದಿವೆ ಎಂಬುದಕ್ಕೆ ಆ ಕುಂಯ್ ಗುರುತು. ದಿನವೂ ದಣಿದರೆ ಒಂದು ದಿನ ಚೇತರಿಸಿಕೊಳ್ಳುವುದಿಲ್ಲ, ಸತ್ತ ಕೋಶ ಮತ್ತೆ ಹುಟ್ಟುವುದೂ ಇಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಅಕ್ಷರಗಳು ಮಸುಕಾಗುತ್ತವೆ. ಮನೆಯವರು ‘ಗೊಣಗುತ್ತಾರೆ’ ಎಂದು ನಿಮಗೆ ಅನ್ನಿಸತೊಡಗುತ್ತದೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಹೇಳುವ ಸುರಕ್ಷಿತ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಟಿಲ್ಲರಿನ ಒಂಟಿ ಸಿಲಿಂಡರ್ ಡೀಸೆಲ್ ಇಂಜಿನ್ ನಿಮ್ಮ ಕಿವಿಯಿಂದ ಮಾರು ದೂರದಲ್ಲಿದೆ, ನಡುವೆ ಬಾನೆಟ್ಟಿಲ್ಲ, ಗಾಜಿಲ್ಲ. ಅರ್ಧ ಮೀಟರ್ ದೂರ ನಿಂತ ಜೊತೆಗಾರರಿಗೆ ನೀವು ಕೂಗಿ ಹೇಳಬೇಕಾಗುತ್ತಿದ್ದರೆ ಮಿತಿ ಮೀರಿದೆ ಎಂದೇ ತಿಳಿಯಿರಿ.

ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ಗನ್ನು ಇಂದೇ ತನ್ನಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು ಅದು ಹಿಗ್ಗುವವರೆಗೆ ಒತ್ತಿ ಹಿಡಿಯಿರಿ. ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಟಿಲ್ಲರಿನ ಸೈಲೆನ್ಸರ್ ತುಕ್ಕು ತಿಂದು ತೂತಾಗಿದೆಯೇ ನೋಡಿ, ಆಗಿದ್ದರೆ ಬೆಸುಗೆ ಹಾಕಿಸುವ ಬದಲು ಹೊಸದು ಹಾಕಿಸಿ. ಏರ್ ಕ್ಲೀನರನ್ನು ತೆಗೆದಿಟ್ಟು ಓಡಿಸಬೇಡಿ, ಗಾಳಿ ಎಳೆಯುವ ಬಾಯಿಯೂ ದೊಡ್ಡ ಸದ್ದಿನ ಮೂಲ. ಬೆಲ್ಟ್ ಕವರಿನ ಸಡಿಲ ಬೋಲ್ಟುಗಳನ್ನು ಬಿಗಿಯಿರಿ. ಮತ್ತೆ, ಒಮ್ಮೆ ಕಿವಿ ವೈದ್ಯರ ಬಳಿ ಹೋಗಿ ಆಡಿಯೊಗ್ರಾಂ (ಕೇಳ್ಮೆಯ ಪರೀಕ್ಷೆ) ಮಾಡಿಸಿಕೊಳ್ಳಿ. ನಾಟಿ ಮುಗಿಯಲಿ ಎಂದು ಮುಂದೂಡಬೇಡಿ.

ಪ್ರಶ್ನೆ: ನಮ್ಮದು ಚಿಕ್ಕ ಗ್ಯಾರೇಜು. ನಾವು ಉದ್ದನೆಯ ಸ್ಕ್ರೂ ಡ್ರೈವರ್ ಕಿವಿಗಿಟ್ಟು ಸದ್ದು ಹುಡುಕುವವರು. ಟಪ್ಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಸದ್ದು ಮತ್ತು ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ತೋಳು ಕ್ರ್ಯಾಂಕ್ ಶಾಫ್ಟಿಗೆ ಸೇರುವಲ್ಲಿಯದು) ಸದ್ದು ಒಮ್ಮೊಮ್ಮೆ ಗೊಂದಲವಾಗುತ್ತದೆ. ಗುರುತಿಸುವ ಉಪಾಯ ಹೇಳಿ.
— ಮೆಕ್ಯಾನಿಕ್, ಗದಗ

ಉತ್ತರ: ನಿಮ್ಮ ಸ್ಕ್ರೂ ಡ್ರೈವರ್ ಒಳ್ಳೆಯ ಉಪಕರಣ, ಅದನ್ನು ಕಡೆಗಣಿಸುವ ಇಂಜಿನಿಯರುಗಳನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಲೋಹದಲ್ಲಿ ಬಂದ ಸದ್ದು ಗಾಳಿಯ ಗದ್ದಲದೊಡನೆ ಬೆರೆಯುವುದಿಲ್ಲ. ಮೆಕ್ಯಾನಿಕರ ಸ್ಟೆತಾಸ್ಕೋಪ್ ಸಿಕ್ಕರೆ ಅದನ್ನೇ ಕೊಳ್ಳಿ, ಆಗ ತಲೆ ಫ್ಯಾನು ಬೆಲ್ಟುಗಳಿಂದ ದೂರವಿರುತ್ತದೆ.

ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ತಿರುಗುವುದು ಇಂಜಿನ್ನಿನ ಅರ್ಧ ವೇಗದಲ್ಲಿ. 900 ಸುತ್ತಿನಲ್ಲಿ ಒಂದು ಸಡಿಲ ಟಪ್ಪೆಟ್ ಸೆಕೆಂಡಿಗೆ ಏಳೂವರೆ ಸಲ ಟಿಕ್ ಎನ್ನುತ್ತದೆ, ತೆಳು ಸದ್ದು, ಮೇಲಿನ ಕವರಿನಲ್ಲಿ ಜೋರು. ಆದರೆ ಒಂದು ಸಿಲಿಂಡರ್ ಉರಿಯುವುದೂ ಎರಡು ಸುತ್ತಿಗೊಮ್ಮೆಯೇ ಆದ್ದರಿಂದ ಬರೀ ಲಯ ಎಣಿಸಿ ತೀರ್ಮಾನಿಸಬೇಡಿ. ಆ ಸಿಲಿಂಡರನ್ನು ನಿಲ್ಲಿಸಿ ನೋಡಿ. ಪೆಟ್ರೋಲ್ ಇಂಜಿನ್ನಿನಲ್ಲಿ ಅದರ ಇಂಜೆಕ್ಟರಿನ ವೈರು ಕಳಚಿ. ಟಪ್ಪೆಟ್ ಸದ್ದು ಹಾಗೇ ಉಳಿಯುತ್ತದೆ, ಏಕೆಂದರೆ ವಾಲ್ವ್ ತೆರೆದು ಮುಚ್ಚುವುದು ನಿಂತಿಲ್ಲ. ಬೇರಿಂಗಿನ ದಪ್ಪ ಗುದ್ದು ತಗ್ಗುತ್ತದೆ ಅಥವಾ ನಿಲ್ಲುತ್ತದೆ, ಏಕೆಂದರೆ ಅದನ್ನು ಗುದ್ದುತ್ತಿದ್ದ ದಹನ ನಿಂತಿತು. ಬಿಸಿಯಾಗಿ ಆಯಿಲ್ ತೆಳುವಾದಂತೆ ಹೆಚ್ಚುವ ಗುದ್ದು ಬೇರಿಂಗಿನದು. ಬಿಸಿಯಾದಂತೆ ಕಡಿಮೆಯಾಗುವುದು ಪಿಸ್ಟನ್ನಿನದು.

ಹಳೆಯ ಪಂಪಿನ ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸಿಲಿಂಡರ್ ನಿಲ್ಲಿಸುವ ಅಭ್ಯಾಸ ನಿಮಗೆಲ್ಲ ಇದೆ. ಕಾಮನ್ ರೈಲ್ ಇಂಜಿನ್ನಿನಲ್ಲಿ ಅದನ್ನು ಎಂದಿಗೂ ಮಾಡಬೇಡಿ. ಅಲ್ಲಿಯ ಒತ್ತಡ 1000 ಬಾರ್ ದಾಟಬಲ್ಲದು, ಹೊಸದರಲ್ಲಿ 2000 ಬಾರನ್ನೂ ಮೀರಬಲ್ಲದು. ಚಿಮ್ಮಿದ ಸೂಜಿ ಮೊನೆಯಂಥ ಧಾರೆ ಚರ್ಮ ತೂರಿ ಡೀಸೆಲ್ಲನ್ನು ಮಾಂಸದೊಳಕ್ಕೆ ನುಗ್ಗಿಸುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಬೆರಳು ಕಳೆದುಕೊಳ್ಳುವ ಅಪಾಯವಿದೆ, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು. ಸ್ಕ್ಯಾನರಿನಿಂದಲೇ ಒಂದೊಂದು ಇಂಜೆಕ್ಟರನ್ನು ನಿಲ್ಲಿಸುವ ಸೌಲಭ್ಯವಿದೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಇದನ್ನು ಹೇಳಿಕೊಡಿ, ಅವರೇ ಮೊದಲು ಸ್ಪ್ಯಾನರ್ ಎತ್ತುವವರು.

ಪ್ರಶ್ನೆ: ಇಂಜಿನ್ನೇ ಇಲ್ಲದ ಎಲೆಕ್ಟ್ರಿಕ್ ಕಾರು ಕಾಂಪೌಂಡಿನಲ್ಲಿ ನಿಧಾನವಾಗಿ ಚಲಿಸುವಾಗ ಒಂದು ಬಗೆಯ ಸ್ವರ ಹೊರಡಿಸುತ್ತದೆ. ದೋಷವೇ?
— ಓದುಗರು, ಉಡುಪಿ

ಉತ್ತರ: ದೋಷವಲ್ಲ, ಬೇಕೆಂದೇ ಸ್ಪೀಕರಿನಿಂದ ಹೊರಡಿಸುವ ಎಚ್ಚರಿಕೆಯ ಸ್ವರ. ನಿಧಾನ ವೇಗದಲ್ಲಿ ಟೈರಿನ ಸದ್ದೂ ಇರುವುದಿಲ್ಲವಾದ್ದರಿಂದ ಕಣ್ಣು ಕಾಣದವರಿಗೆ, ಮಕ್ಕಳಿಗೆ ಕಾರು ಬರುವುದು ತಿಳಿಯುವುದಿಲ್ಲ. ವಿಶ್ವಸಂಸ್ಥೆಯ 138ನೇ ನಿಯಮಾವಳಿ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಇಂಥ ಸ್ವರ ಇರಬೇಕೆನ್ನುತ್ತದೆ. ಅದರ ಮೇಲೆ ಟೈರುಗಳೇ ಸಾಕಷ್ಟು ಸದ್ದು ಮಾಡುತ್ತವೆ. ಆ ಸ್ಪೀಕರಿನ ವೈರು ಕಳಚಿಸಬೇಡಿ.